ಎಸ್‌ಕ್ಯೂಎಲ್ ಫೇಲ್ ಆದರೂ ಬಾಯಿ ಬಿಡಲ್ಲ

ಪುಣೆಯ ಹಿಂಜವಡಿಯಲ್ಲಿ ಐಬಿಎಂನ ಬಿಸಿನೆಸ್ ಕಂಪ್ಯೂಟರ್ ಎಎಸ್/400 ಮೇಲೆ ಕೆಲಸ ಅಂದರೆ ಜನ "ಅದಿನ್ನೂ ಇದೆಯಾ?" ಅಂತ ಕೇಳುತ್ತಾರೆ. ಇದೆ. 1988ರಲ್ಲಿ ಬಂದದ್ದು, 2008ರಿಂದ ಹೆಸರು ಐಬಿಎಂ ಐ, ಆದರೆ ನಮ್ಮ ಫ್ಲೋರಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ.

ಅದರ ಪ್ರೋಗ್ರಾಮಿಂಗ್ ಭಾಷೆ ಆರ್‌ಪಿಜಿ ಒಳಗೆ ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ಬರೆಯುವ ಹೊಸ ಹುಡುಗರಿಗೆ ನಾನು ಹೇಳುವುದು ಒಂದೇ. ಪ್ರತಿ ಸ್ಟೇಟ್‌ಮೆಂಟ್ ಆದಮೇಲೆ ಎಸ್‌ಕ್ಯೂಎಲ್‌ಕೋಡ್ ನೋಡಿ, ಏನಾಯಿತು ಅಂತ ಹೇಳುವ ನಂಬರ್ ಅದು. ಚೈನ್, ಅಪ್‌ಡೇಟ್ ತರಹದ ಆರ್‌ಪಿಜಿಯ ಹಳೇ ಆಪ್‌ಕೋಡ್ (ಫೈಲ್ ಓದುವ, ಬದಲಿಸುವ ಆದೇಶ) ಎಡವಿದರೆ, ಎರರ್ ಹಿಡಿಯುವ ಕೋಡ್ ಇಲ್ಲದಿದ್ದಾಗ, ಪ್ರೋಗ್ರಾಂ ಅಲ್ಲೇ ನಿಂತು ಮೆಸೇಜ್ ಹಾಕಿ ಉತ್ತರಕ್ಕೆ ಕಾಯುತ್ತದೆ. ಎಸ್‌ಕ್ಯೂಎಲ್ ಹಾಗಲ್ಲ. ಒಂದು ಮೈನಸ್ ನಂಬರ್ ಇಟ್ಟು ಸುಮ್ನೆ ಮುಂದಿನ ಸಾಲಿಗೆ ಹೋಗುತ್ತದೆ.

ಮೊನ್ನೆ ಟೀಮಿನ ಬೆಳಗಾವಿ ಹುಡುಗ ಕರೆದ. ಡೆವ್‌ನಲ್ಲಿ (ಕೋಡ್ ಬರೆಯುವ ಕಡೆ) ಓಡುವ ಎಸ್‌ಕ್ಯೂಎಲ್ ಅಪ್‌ಡೇಟ್, ಟೆಸ್ಟ್‌ನಲ್ಲಿ (ಪರೀಕ್ಷೆ ಮಾಡುವ ಕಡೆ) ಡೇಟಾದ ಒಂದು ರೋ ಕೂಡ ಬದಲಿಸುತ್ತಿರಲಿಲ್ಲ. "ಜಾಬ್ ಬರೋಬ್ಬರಿ ಮುಗೀತದ್ರೀ, ಎರರ್ರೇ ಇಲ್ಲ." ಇರುತ್ತದೆ ಮಾರಾಯ, ಆದರೆ ಲಾಗ್ ಲೆವೆಲ್ ಸ್ಟಾರ್ ನೋಲಿಸ್ಟ್ ಇದ್ದು ಜಾಬ್ ಸರಿಯಾಗಿ ಮುಗಿದರೆ, ನಡೆದದ್ದನ್ನು ಬರೆದಿಡುವ ಜಾಬ್ ಲಾಗೇ ಉಳಿಯುವುದಿಲ್ಲ. ಸ್ಟಾರ್ ಸೆಕ್‌ಲೆವೆಲ್ (ಮೆಸೇಜ್ ವಿವರವಾಗಿ ಬರೆಯುವ ಲೆವೆಲ್) ಕೊಟ್ಟು ಮತ್ತೆ ಸಬ್‌ಮಿಟ್ ಮಾಡಿಸಿದೆ. ಬಂತು: ಎಸ್‌ಕ್ಯೂಎಲ್7008, ರೀಸನ್ ಕೋಡ್ 3. ಫೈಲಿಗೆ ಜರ್ನಲ್, ಅಂದರೆ ಬದಲಾವಣೆಗಳ ದಾಖಲೆ, ಇಲ್ಲ.

ಡೆವ್‌ನಲ್ಲಿ ಹೇಗೆ ಓಡಿತು? ಅಲ್ಲಿನ ಲೈಬ್ರರಿಯನ್ನು (ಫೈಲುಗಳನ್ನು ಇಡುವ ಜಾಗ) ಎಸ್‌ಕ್ಯೂಎಲ್‌ನ ಕ್ರಿಯೇಟ್ ಸ್ಕೀಮಾ ಕೊಟ್ಟು ಮಾಡಿದ್ದರು. ಅದು ತಾನೇ ಒಂದು ಜರ್ನಲ್ ಹುಟ್ಟುಹಾಕುತ್ತದೆ, ಅಲ್ಲಿ ಎಸ್‌ಕ್ಯೂಎಲ್‌ನಿಂದ ಮಾಡಿದ ಟೇಬಲ್‌ಗಳು ತಾವಾಗಿ ಅದಕ್ಕೆ ಸೇರುತ್ತವೆ. ಟೆಸ್ಟ್ ಲೈಬ್ರರಿ ಸಿಆರ್‌ಟಿಲಿಬ್ ಕಮಾಂಡಿನಿಂದ ಮಾಡಿದ್ದು, ಅಲ್ಲಿ ಅಂಥದ್ದೇನೂ ಇಲ್ಲ. ಇತ್ತ ಕಂಪೈಲ್ ಕಮಾಂಡಿನಲ್ಲಿ ಕಮಿಟ್ (ಬದಲಾವಣೆ ಪಕ್ಕಾ ಮಾಡುವ ಬಗೆ) ಡಿಫಾಲ್ಟ್ ಸ್ಟಾರ್ ಚೇಂಜ್, ಅದಕ್ಕೆ ಜರ್ನಲ್ ಬೇಕೇ ಬೇಕು.

ಇಂಥಲ್ಲಿ ಜಾಸ್ತಿ ಜನ ಸೆಟ್ ಆಪ್ಷನ್‌ನಲ್ಲಿ ಕಮಿಟ್ ಸ್ಟಾರ್ ನನ್, ಅಂದರೆ ಕಮಿಟ್ ಬೇಡ ಅಂತ ಹಾಕಿ ಕೈ ತೊಳೆದುಕೊಳ್ಳುತ್ತಾರೆ (ಅದು ಸೋರ್ಸ್‌ನಲ್ಲಿ ಮೊದಲ ಎಸ್‌ಕ್ಯೂಎಲ್ ಸ್ಟೇಟ್‌ಮೆಂಟ್ ಆಗಿರಬೇಕು, ಮರೆಯಬೇಡಿ). ರಿಪೋರ್ಟ್ ಪ್ರೋಗ್ರಾಂ ಆದರೆ ನಡೆಯುತ್ತದೆ. ಎರಡು ಫೈಲಿನಲ್ಲಿ ದುಡ್ಡಿನ ಲೆಕ್ಕ ಬದಲಾಗುವ ಕಡೆ ನಾನಂತೂ ಒಪ್ಪುವುದಿಲ್ಲ, ಅರ್ಧಕ್ಕೆ ನಿಂತರೆ ರೋಲ್‌ಬ್ಯಾಕ್‌ಗೆ, ಅಂದರೆ ಮಾಡಿದ್ದನ್ನು ಹಿಂದಕ್ಕೆ ತೆಗೆಯಲು, ಏನು ಮಾಡುತ್ತೀರಿ? ಫೈಲಿಗೆ ಜರ್ನಲ್ ಶುರು ಮಾಡಿಸಿ.

ಉಳಿದ ಎಸ್‌ಕ್ಯೂಎಲ್‌ಕೋಡ್‌ಗಳು ಬೇಗ ಗೊತ್ತಾಗುತ್ತವೆ. ಮೈನಸ್ 811 ಅಂದರೆ ಒಂದೇ ರೋ ಓದುವ ಸೆಲೆಕ್ಟ್ ಇನ್‌ಟುಗೆ ಒಂದಕ್ಕಿಂತ ಜಾಸ್ತಿ ರೋ ಬಂದಿದೆ. ಮೈನಸ್ 305 ಅಂದರೆ ನಲ್ (ಮೌಲ್ಯವೇ ಇಲ್ಲದ್ದು) ಬಂದಿದೆ, ಅದನ್ನು ಹಿಡಿಯುವ ಇಂಡಿಕೇಟರ್ ವೇರಿಯಬಲ್ ಇಲ್ಲ. ಮೈನಸ್ 502 ಅಂದರೆ ರೋಗಳನ್ನು ಒಂದೊಂದಾಗಿ ಓದುವ ಕರ್ಸರ್ ಮೊದಲೇ ತೆರೆದಿದೆ.

ತಲೆ ತಿನ್ನುವುದು 100, ಅಂದರೆ ರೋ ಸಿಗಲಿಲ್ಲ, ಅದು ಎರರ್ರೇ ಅಲ್ಲ. ಹೋಲುವ ಹೆಸರು ಹುಡುಕುವ ಲೈಕ್‌ಗೆ ಕೊಟ್ಟ ವೇರಿಯಬಲ್ 20 ಅಕ್ಷರದ ಚಾರ್ (ಉದ್ದ ಬದಲಾಗದ್ದು) ಆಗಿದ್ದು, ಅದರಲ್ಲಿ 'ಪಾಟೀಲ%' ಇಟ್ಟರೆ ಕೊನೆಯಲ್ಲಿ ಉಳಿದ ಖಾಲಿ ಜಾಗವನ್ನೂ ಅದು ಹುಡುಕುತ್ತದೆ. ವಾರ್‌ಚಾರ್ (ಉದ್ದ ಬದಲಾಗುವುದು) ಮಾಡಿ, ಟ್ರಿಮ್ ಮಾಡಿ ಕೊಡಿ. ಪಾಟೀಲರು ಸಿಗುತ್ತಾರೆ, ಪುಣೆಯ ಕಸ್ಟಮರ್ ಫೈಲಿನಲ್ಲಿ ಅವರಿಗೇನು ಬರವಾ?