ವಾರಮ್ ಪರ್ಸಿಯಲ್ಲಿ ಒಂದು ಮಧ್ಯಾಹ್ನ

ಕಾರು ನಿಲ್ಲಿಸಿದ ಜಾಗದಿಂದ ಒಂದು ಕಿಲೋಮೀಟರಿಗೂ ಜಾಸ್ತಿ ನಡೆಯಬೇಕು. ಹಿಂದಿನ ದಿನದ ಮಳೆಗೆ ಕಾಲುದಾರಿ ಕೆಸರಾಗಿತ್ತು. "ಅಪ್ಪಾ, ಊರು ಎಲ್ಲಿ?" ಎಂದು ಮಗಳು ಕೇಳುತ್ತಲೇ ಇದ್ದಳು. ಕೊನೆಗೆ ಕಂಡದ್ದು ಚಾವಣಿ ಇಲ್ಲದ ಒಂದು ಚರ್ಚು, ಪಕ್ಕದಲ್ಲಿ ಕೊಳ, ದಿಬ್ಬದ ಮೇಲೆ ಬರೀ ಹುಲ್ಲು.

ಆ ಹುಲ್ಲೇ ಊರು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ ಈ ಹಳ್ಳಿ ಸುಮಾರು 1500ರ ಹೊತ್ತಿಗೆ ಬರಿದಾಯಿತು. ಬೇಸಾಯಕ್ಕಿಂತ ಕುರಿಯ ಉಣ್ಣೆಯಲ್ಲಿ ಲಾಭ ಹೆಚ್ಚಿತ್ತು. ಉಳಿದಿದ್ದ ಮನೆಯವರನ್ನೂ ಎಬ್ಬಿಸಿ ಹೊಲಗಳನ್ನು ಕುರಿಗಳಿಗೆ ಬಿಟ್ಟರು.

ಹುಲ್ಲಿನಲ್ಲಿ ಉಬ್ಬಿದ ಗೆರೆಗಳಿವೆ, ಅಲ್ವಾ? ಅವೇ ಮನೆಗಳ ಗುರುತು. ಉದ್ದನೆಯ ಮನೆ, ಸುಣ್ಣಕಲ್ಲಿನ ಅಡಿಪಾಯ, ಮೇಲೆ ಹುಲ್ಲಿನ ಮಾಡು. ಕೆಲವು ಮನೆಗಳಲ್ಲಿ ಒಂದು ತುದಿಗೆ ದನ, ಇನ್ನೊಂದು ತುದಿಗೆ ಜನ, ಜನರಿದ್ದ ಕಡೆ ಒಲೆ. ನಮ್ಮ ಅಜ್ಜಿಯ ಮನೆಯಲ್ಲೂ ದನಗಳು ಒಳಗೇ ಇರುತ್ತಿದ್ದವು. ಚಳಿಗಾಲದ ರಾತ್ರಿ ಅವುಗಳ ಉಸಿರಿನ ಬಿಸಿ ನನಗೆ ಚೆನ್ನಾಗಿ ನೆನಪಿದೆ.

ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್ ಮತ್ತು ಪುರಾತತ್ವಜ್ಞ ಜಾನ್ ಹರ್ಸ್ಟ್ ಎಂಬ ಇಬ್ಬರು ತಮ್ಮ ತಂಡದೊಂದಿಗೆ 1950ರಿಂದ 1990ರವರೆಗೆ ಬೇಸಿಗೆ ಬಂದರೆ ಸಾಕು, ಇಲ್ಲಿಗೆ ಬಂದು ಅಗೆಯುತ್ತಿದ್ದರು. ಅವರಿಗೆ ಸಿಕ್ಕಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಮನೆಗಳ ನೆಲ. ಮಣ್ಣಿನ ನೆಲ ನಡುವೆ ತಗ್ಗಾಗಿತ್ತು. ಯಾಕೆ ಗೊತ್ತಾ? ದಿನಾ ಗುಡಿಸಿ ಗುಡಿಸಿ! ಹಳೇ ಕಾಲದ ಬಡವರು ಕೊಳಕಿನಲ್ಲೇ ಬದುಕುತ್ತಿದ್ದರು ಎಂದು ಸುಮ್ನೆ ಹೇಳಿಬಿಡುತ್ತೇವೆ. ಆ ನೆಲ ಬೇರೆಯದನ್ನೇ ಹೇಳುತ್ತದೆ.

ಊಟಕ್ಕೆ ಬಾರ್ಲಿ, ಓಟ್ಸ್, ಬಟಾಣಿ ಹಾಕಿ ಕುದಿಸಿದ ಗಂಜಿ, ಒರಟು ರೊಟ್ಟಿ. ಮಕ್ಕಳಿಗೆ ಅದು ಸಾಲುತ್ತಿರಲಿಲ್ಲ. ಚರ್ಚಿನ ಬಳಿ ಸುಮಾರು 700 ಜನರ ಮೂಳೆಗಳು ಸಿಕ್ಕಿವೆ. ಅವುಗಳಿಂದ ತಿಳಿದದ್ದು, ಅಲ್ಲಿನ 14 ವರ್ಷದ ಮಕ್ಕಳು ಹೆಚ್ಚುಕಡಿಮೆ ಇಂದಿನ 10 ವರ್ಷದವರಷ್ಟೇ ಎತ್ತರ ಇದ್ದರು. ಇದನ್ನು ಹೇಳಿದಾಗ ಮಗಳು ತನ್ನ ತಲೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು. ಅವಳಿಗೆ ಈಗ ಹತ್ತು.

ಹಿಂತಿರುಗುವಾಗ ನಾನು ಒಂದು ಮನೆಯ ಗೆರೆ ದಾಟಲು ಕಾಲೆತ್ತಿದೆ.

"ಅಪ್ಪಾ, ಅದು ಗೋಡೆ!" ಎಂದು ಕೈಹಿಡಿದು ಎಳೆದಳು. ಇಬ್ಬರೂ ಸುತ್ತಿ ಬಂದು ಬಾಗಿಲಿದ್ದ ಜಾಗದಿಂದಲೇ ಒಳಗೆ ಹೋದೆವು.