ಮೊದ್ಲ ನಡುವಿಂದ ಅಗಿ

ಕಾಕಾನ ಹೊಲ ಕುಕನೂರಿನ ಆಚೆ ಇದೆ. ಎರೆ ಹೊಲ. ಬೋರ್‌ನಿಂದ ಮೆಣಸಿನ ಗಿಡದವರೆಗೆ ನೆಲದೊಳಗೆ ಪೈಪ್ ಹಾಕಿದ್ದಾರೆ. 20 ಅಡಿಯ ಪೈಪ್ 16, ನಡುವೆ 15 ಜಾಯಿಂಟ್. ಹೋದ ಭಾನುವಾರ ಮೋಟರ್ ಓಡುತ್ತಿತ್ತು, ಆದರೆ ಆ ತುದಿಯಲ್ಲಿ ಒಂದು ತೊಟ್ಟೂ ನೀರಿಲ್ಲ. ಬೋರ್ ಪಕ್ಕದ ಏರ್ ಪೈಪಿನಿಂದ ಎಲ್ಲಾ ಉಕ್ಕಿ ಚೆಲ್ಲುತ್ತಿತ್ತು. ತ್ರೀ ಫೇಸ್ ಕರೆಂಟ್ ಇರುವುದು ನಾಲ್ಕು ಗಂಟೆವರೆಗೆ ಮಾತ್ರ.

ನೆಲ ಎಲ್ಲೂ ಹಸಿಯಾಗಿರಲಿಲ್ಲ. ಅಂದರೆ ಪೈಪ್ ಒಡೆದಿಲ್ಲ, ಕಟ್ಟಿಕೊಂಡಿದೆ. ಬದುವಿನ ಉದ್ದಕ್ಕೂ ಬಳ್ಳಾರಿ ಜಾಲಿ ಬೆಳೆದಿದೆ. ಅದರ ಬೇರು ಒಳಗೆ ನುಗ್ಗುವುದು ಜಾಯಿಂಟಿನ ಸಂದಿಯಲ್ಲೇ. ನಾನು ಸಲಿಕೆ ತಗೊಂಡು ಬೋರ್ ಕಡೆಯ ಮೊದಲ ಜಾಯಿಂಟ್ ಹತ್ತಿರ ಹೋದೆ.

"ಲೇ ತಮ್ಮಾ, ಒಂದರಿಂದ ಹಿಡದ್ರ ಹೊತ್ತು ಮುಳಗತೈತಿ. ಮೊದ್ಲ ನಡುವಿಂದ ಅಗಿ."

ಸಲಿಕೆ ಹಿಡಿದು ಒಂದು ಗಳಿಗೆ ಹಾಗೇ ನಿಂತೆ. ನಾನು ಪಿಎಚ್‌ಡಿಗೆ ಓದುತ್ತಿರುವುದು ಗ್ರಾಫನ್ನು ಅಳೆಯುವ ಟ್ರೀಡೆಪ್ತ್ ಅನ್ನುವ ಅಳತೆಯ ಬಗ್ಗೆ. "ಅದೇನ ಓದ್ತೀಯೋ?" ಅಂತ ಕಾಕಾ ಪ್ರತಿ ಸಲ ಕೇಳುತ್ತಿದ್ದರು. ನಾನು "ಕಂಪ್ಯೂಟರ್" ಅಂತ ಹೇಳಿ ಮುಗಿಸುತ್ತಿದ್ದೆ. ಈಗ ಅವರೇ ಅದರ ಮೊದಲ ಪಾಠ ಹೇಳಿದ್ದರು.

ಎಂಟನೇ ಜಾಯಿಂಟ್ ಅಗೆದೆವು. ಎರೆ ಮಣ್ಣು ಒಣಗಿದರೆ ಕಲ್ಲಿನಂತೆ, ಸಲಿಕೆ ಇಳಿಯುವುದೇ ಇಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಮೋಟರ್ ಹಾಕಿದರೆ ನೀರು ಭರ್ರನೆ ಬಂತು. ಅಂದರೆ ಈ ಕಡೆ ಸರಿ ಇದೆ, ಕಟ್ಟಿರುವುದು 9ರಿಂದ 15ರ ಒಳಗೆ. ಕಾಲರ್ ಹಾಕಿ ಸಲ್ಯೂಷನ್ ಹಚ್ಚಿ, ಅದು ಒಣಗಲಿ ಅಂತ ಜಾಲಿ ನೆರಳಲ್ಲಿ ಕೂತೆವು.

ಆಗ ಕಡ್ಡಿ ತಗೊಂಡು ಮಣ್ಣಲ್ಲಿ ಜಾಯಿಂಟಿಗೆ ಒಂದರಂತೆ 15 ಚುಕ್ಕೆ ಇಟ್ಟು ಗೆರೆ ಎಳೆದೆ. "ಕಾಕಾ, ಇದಕ್ಕ ನಾವು ಗ್ರಾಫ್ ಅಂತೀವಿ." ಒಂದು ಸುತ್ತಿನಲ್ಲಿ ಒಂದು ಚುಕ್ಕೆ ತೆಗೆಯಬೇಕು. ಗ್ರಾಫ್ ತುಂಡಾದರೆ ಮುಂದಿನ ಸುತ್ತಿನಲ್ಲಿ ಪ್ರತಿ ತುಂಡಿನಿಂದ ಒಂದೊಂದು. ಎಲ್ಲಾ ಖಾಲಿಯಾಗಲು ಕಡಿಮೆ ಅಂದರೆ ಎಷ್ಟು ಸುತ್ತು ಬೇಕೋ ಅದೇ ಟ್ರೀಡೆಪ್ತ್. ಮೊದಲು 8. ಆಮೇಲೆ 4 ಮತ್ತು 12. ಆಮೇಲೆ 2, 6, 10, 14. ಕೊನೆಗೆ ಉಳಿದ ಬಿಡಿ ಚುಕ್ಕೆಗಳು. ನಾಲ್ಕೇ ಸುತ್ತು. ನಾವು ಅಗೆಯಬೇಕಾದದ್ದೂ ಹೆಚ್ಚೆಂದರೆ ನಾಲ್ಕೇ ಸಲ.

ಅದನ್ನೇ ವಂಶವೃಕ್ಷದ ಹಾಗೆ ಬರೆದೆ. 8 ಮುತ್ತಜ್ಜ, ಅದರ ಕೆಳಗೆ 4 ಮತ್ತು 12. ಗ್ರಾಫಿನ ಗೆರೆ ಹಿರಿಯರು ಮತ್ತು ಅವರ ಸಂತಾನದ ನಡುವೆಯೇ ಇರಬೇಕು. ಬೇರೆ ಬೇರೆ ಕವಲಿನವರ ನಡುವೆ ಇರಬಾರದು. ಹೀಗೆ ಬರೆಯಬಹುದಾದ ಮರಗಳಲ್ಲಿ ಅತಿ ಗಿಡ್ಡದ್ದರ ಎತ್ತರವೇ ಟ್ರೀಡೆಪ್ತ್. ಈ ಹೆಸರು ಬಂದದ್ದು ನೆಷೆಟ್ರಿಲ್ ಮತ್ತು ಒಸೋನಾ ದ ಮೆಂಡೆಜ್ ಅನ್ನುವ ಗಣಿತಜ್ಞರಿಂದ. ಅವರ ಲೇಖನ ಅಚ್ಚಾದದ್ದು 2006ರಲ್ಲಿ.

"ಜಾಯಿಂಟ್ ಸಾವಿರ ಇದ್ರ?" ಅಂದರು ಕಾಕಾ.

"ಹತ್ತು."

ಅವರು ಬೆರಳು ಮಡಚಿ ಎಣಿಸಿದರು. ಐನೂರು, ಇನ್ನೂರೈವತ್ತು, ನೂರಿಪ್ಪತ್ತೈದು... ಒಂದಕ್ಕೆ ಬಂದು ತಲೆಯಾಡಿಸಿದರು. ಆಮೇಲೆ ಕೇಳಿದ್ದು ನನಗೆ ಇನ್ನೂ ಖುಷಿ ಕೊಡುತ್ತದೆ. "ಎರಡೂ ತುದಿ ಕೂಡಿಸಿ ಸುತ್ತು ಕಟ್ಟಿದ್ರ?" ಹಾಗೆ ಬಳೆಯಂತೆ ಕೂಡಿಸಿದರೆ ಐದು ಸುತ್ತು ಬೇಕು. ಮೊದಲ ಚುಕ್ಕೆ ತೆಗೆದರೆ ತುಂಡಾಗುವುದಿಲ್ಲ, ಬಳೆ ಬಿಚ್ಚಿ ನೇರ ಆಗುತ್ತದೆ ಅಷ್ಟೇ. ಉಳಿದ 14ಕ್ಕೆ ಮತ್ತೆ ನಾಲ್ಕು. ಇನ್ನು ಪ್ರತಿಯೊಂದನ್ನೂ ಪ್ರತಿಯೊಂದಕ್ಕೂ ಜೋಡಿಸಿದರೆ 15 ಚುಕ್ಕೆಗೆ 15 ಸುತ್ತು, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಇದರ ಉಪಯೋಗವನ್ನೂ ಹೇಳಿದೆ. ಗೆರೆಯಿಂದ ಸೇರಿದ ಎರಡು ಚುಕ್ಕೆಗೆ ಒಂದೇ ಬಣ್ಣ ಬರದ ಹಾಗೆ ಮೂರೇ ಬಣ್ಣದಲ್ಲಿ ತುಂಬಬಹುದಾ ಅಂತ ನೋಡುವುದು ದೊಡ್ಡ ಗ್ರಾಫಿನಲ್ಲಿ ತುಂಬಾ ಕಷ್ಟ. ಮರ ಗಿಡ್ಡ ಇದ್ದರೆ ಮೇಲಿನಿಂದ ಒಂದೊಂದು ಬಣ್ಣ ಹಚ್ಚಿ ನೋಡುತ್ತಾ ಇಳಿದರೆ ಸಾಕು. ಒಂದು ಕವಲಿನ ಲೆಕ್ಕಕ್ಕೆ ಪಕ್ಕದ ಕವಲು ಬೇಕಿಲ್ಲ. ನೆನಪಿಡಬೇಕಾದದ್ದು ಆ ದಾರಿಯ ಮೇಲಿನ ಹಿರಿಯರ ಬಣ್ಣ ಮಾತ್ರ. ಟ್ರೀವಿಡ್ತ್ ಅನ್ನುವ ಇನ್ನೊಂದು ಅಳತೆ ಹಿಡಿದು ಹೋಗುವ ಸಾಮಾನ್ಯ ವಿಧಾನದಲ್ಲಿ ದೊಡ್ಡ ದೊಡ್ಡ ಪಟ್ಟಿ ತುಂಬಿಡಬೇಕು, ಮೆಮೊರಿ ಜಾಸ್ತಿ ತಿನ್ನುತ್ತದೆ. ನಾನು ಟ್ರೀಡೆಪ್ತ್ ಹಿಂದೆ ಬಿದ್ದದ್ದೇ ಈ ಕಾರಣಕ್ಕೆ.

"ಹಂಗಾರ ಆ ಮರ ಹುಡುಕೂದು ಸಸಾರ ಏನು?" ಇಲ್ಲ, ಅದೇ ಕಷ್ಟ. ಗ್ರಾಫ್ ತಾನೇ ಮರದಂತಿದ್ದರೆ ಬೇಗ ಸಿಗುತ್ತದೆ. ಅದನ್ನು ಷಾಫರ್ ಅನ್ನುವವರು 1989ರಲ್ಲಿ ತೋರಿಸಿದರು. ಎಂಥ ಗ್ರಾಫ್ ಬಂದರೂ ಬೇಗ ಲೆಕ್ಕ ಮಾಡುವ ದಾರಿ ಯಾರಿಗೂ ಗೊತ್ತಿಲ್ಲ. ಇದು ಎನ್‌ಪಿ-ಹಾರ್ಡ್, ಅಂದರೆ ಅತಿ ಕಷ್ಟದ್ದು ಅಂತ ಹೆಸರಾದ ಲೆಕ್ಕಗಳ ಗುಂಪಿನ ಸಮಸ್ಯೆ. 2020ರಲ್ಲಿ ಪೇಸ್ ಅನ್ನುವ ಪ್ರೋಗ್ರಾಮಿಂಗ್ ಸ್ಪರ್ಧೆ ಇದರ ಮೇಲೆಯೇ ನಡೆಯಿತು.

ಸಲ್ಯೂಷನ್ ಒಣಗಿತ್ತು. 12ನ್ನು ಅಗೆದೆವು, ಅಲ್ಲಿ ನೀರಿಲ್ಲ. ಜಾಯಿಂಟ್ ಒಳಗೆ ಸ್ವಚ್ಛ. ಹಾಗಾದರೆ 9, 10, 11 ಮಾತ್ರ ಉಳಿದವು. ಹತ್ತನೆಯದನ್ನು ಕೊಯ್ಯುವಾಗಲೇ ಬ್ಲೇಡ್ ಮೆತ್ತಗಿನದಕ್ಕೆ ಸಿಕ್ಕಿಕೊಂಡಿತು. ಕಾಕಾ ಎರಡು ಬೆರಳು ಹಾಕಿ ಎಳೆದರು. ಕೂದಲಿನ ಜಡೆಯಂಥ ಬೇರು, ಮೊಳದುದ್ದ, ಕೆಸರು ಮೆತ್ತಿಕೊಂಡು ಬಂತು. ನಾಲ್ಕು ಬೇಕಾಗಬಹುದು ಅಂದುಕೊಂಡದ್ದು ಮೂರಕ್ಕೇ ಮುಗಿಯಿತು.

ಕೊನೆಯ ಕಾಲರ್ ಕೂಡಿಸಿ, ಒಣಗುವಷ್ಟು ಕಾದು, ಮೋಟರ್ ಹಾಕಿದಾಗ ಮೂರೂವರೆ. ಕಾಕಾ ಬೇರನ್ನು ಬದುವಿನ ಮೇಲೆ ಒಣಗಲು ಹಾಕಿದರು. ನಾನು ಮಣ್ಣಲ್ಲಿ ಬರೆದ ಮರವನ್ನು ತುಳಿಯದೆ ಸುತ್ತು ಹಾಕಿ ನಡೆದು, ಮೆಣಸಿನ ಸಾಲಿಗೆ ನೀರು ತಿರುವಲು ಹೋದರು.