ನೊಣದ ಓದು

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮಾಡುವಾಗ ಹಣ್ಣುನೊಣದ ಮರಿಹುಳು ಬಿಡಿಸಿ ಜೊಲ್ಲುಗ್ರಂಥಿಯ ಕ್ರೋಮೋಸೋಮ್ ನೋಡೋದೇ ನನ್ನ ಕೆಲಸ. ಹಿಂದೆ ಇಟಲಿಯ ವಿಜ್ಞಾನಿ ರಿತೋಸ್ಸಾ ಕೂಡ ಅದನ್ನೇ ನೋಡುತ್ತಿದ್ದರು. ಯಾರೋ ಇನ್‌ಕ್ಯುಬೇಟರ್ ಬಿಸಿ ಏರಿಸಿಬಿಟ್ಟಿದ್ದರಂತೆ. ಕ್ರೋಮೋಸೋಮ್ ಹೊಸ ಜಾಗಗಳಲ್ಲಿ ಉಬ್ಬಿತ್ತು, ಅಂದರೆ ಅಲ್ಲಿನ ಜೀನ್‌ಗಳು ಕೆಲಸ ಶುರುಮಾಡಿದ್ದವು. 1962ರಲ್ಲಿ ಅದನ್ನು ಪ್ರಕಟಿಸಿದರು. ಹೀಟ್ ಶಾಕ್ ಪ್ರೋಟೀನ್ ಕಥೆ ಶುರುವಾದದ್ದು ಹಾಗೆ.

ಮಂಡ್ಯದಲ್ಲಿ ಅತ್ತೆಗೆ ಸ್ತನದ ಗಡ್ಡೆ ತೆಗೆದ ಮೇಲೆ ಹೋಗಿದ್ದೆ. ಅವರೆಕಾಯಿ ಸುಲಿಯುತ್ತಾ, "ನಿನ್ ನೊಣಕ್ಕೂ ನನ್ ಕಾಯ್ಲೆಗೂ ಏನ್ಲಾ ಸಂಬಂಧ?" ಅಂದರು.

ಬಿಸಿಗೆ ಸೊಟ್ಟಗಾದ ಪ್ರೋಟೀನನ್ನು ನೆಟ್ಟಗೆ ಮಡಚುವ ಆಳುಗಳು ಈ ಹೀಟ್ ಶಾಕ್ ಪ್ರೋಟೀನುಗಳು (ಎಚ್‌ಎಸ್‌ಪಿ), ಅಂದೆ. ಕ್ಯಾನ್ಸರ್ ಕೋಶದಲ್ಲಿ ಎಚ್‌ಎಸ್‌ಪಿ90 ಅನ್ನೋ ಆಳು ಕೆಟ್ಟ ಪ್ರೋಟೀನುಗಳಿಗೂ ಆಸರೆಯಾಗುತ್ತೆ. ಎಚ್‌ಎಸ್‌ಪಿ70 ಸಾಯಬೇಕಾದ ಕೋಶವನ್ನು ಸಾಯಗೊಡಲ್ಲ.

"ಕಬ್ಬಿಗಾಕಿದ್ ಗೊಬ್ರ ಕಳೆ ತಿಂದಂಗೆ."

ನನ್ನ ಸೆಮಿನಾರಿಗಿಂತ ಚೆನ್ನಾಗಿತ್ತು!

"ಹಂಗಾರೆ ಆ ಆಳ್ನೇ ಬಿಡ್ಸಾಕಿ."

ಒಳ್ಳೇ ಕೋಶಕ್ಕೂ ಅದೇ ಆಳು ಬೇಕಲ್ಲ ಅತ್ತೆ.